ಹೊಡೆಯುವ ಅಪ್ಪನ ಎದುರು ಕೂರುವವಳಿಗೆ

ಪುಟ್ಟಿ,

ಸಾಂತ್ವನ ಕೇಂದ್ರದ ಕೆಲಸಕ್ಕೆ ಸೇರಿ ಇನ್ನೂ ಸರಿಯಾಗಿ ಕುರ್ಚಿ ಬಿಸಿಯಾಗಿಲ್ಲ, ಆಗಲೇ ಫೋನಿನಲ್ಲಿ ಕೇಳಿಬಿಟ್ಟೆ: "ಹೆಂಡ್ತಿಗೆ ಹೊಡೆಯೋ ಗಂಡಸನ್ನ ಕೂರಿಸ್ಕೊಂಡು ಮಾತಾಡಿ ಏನು ಪ್ರಯೋಜನ ದೊಡ್ಡಮ್ಮ? ಅವನನ್ನ ಒಳಗೆ ಹಾಕ್ಸಿ, ಅವಳನ್ನ ಮಕ್ಕಳ ಸಮೇತ ಹೊರಗೆ ಕರ್ಕೊಂಡು ಬಂದ್ರೆ ಮುಗೀತಲ್ಲ?"

ಮುಗಿಯುವುದಿಲ್ಲ. ಒಳಗೆ ಹೋದವನು ಜಾಮೀನು ತೆಗೆದುಕೊಂಡು ಹೊರಗೆ ಬರುತ್ತಾನೆ. ಹೊರಗೆ ಬಂದವಳು ಮನೆ ಬಾಡಿಗೆ, ಮಕ್ಕಳ ಶಾಲೆ, ತವರಿನಲ್ಲಿ ಅತ್ತಿಗೆಯ ಮುಖ ಎಲ್ಲವನ್ನೂ ಕೂಡಿ ಕಳೆದು ಎಷ್ಟೋ ಸಲ ಅದೇ ಮನೆಗೆ ವಾಪಸ್ಸು ಹೋಗುತ್ತಾಳೆ. ಹೋಗಲಿಲ್ಲ ಅಂತಲೇ ಇಟ್ಟುಕೋ. ಆಗಲೂ ಅವನು ಆ ಮಕ್ಕಳಿಗೆ ಅಪ್ಪನೇ. ಭಾನುವಾರ ನೋಡಲು ಬರುತ್ತಾನೆ, ಶಾಲೆಯ ಗೇಟಿನ ಹತ್ತಿರ ನಿಲ್ಲುತ್ತಾನೆ, ಫೋನ್ ಮಾಡುತ್ತಾನೆ. ಇನ್ನೊಬ್ಬಳನ್ನು ಕಟ್ಟಿಕೊಂಡರೆ ಅಲ್ಲಿಯೂ ಮಕ್ಕಳಾಗುತ್ತವೆ. ಹಾಗಾಗಿ ಯಾರಾದರೂ ಅವನ ಎದುರು ಕೂತು ಮಾತಾಡಲೇಬೇಕು. ಆ ಯಾರಾದರೂ ಈಗ ನೀನು.

ನಮ್ಮ ರಾಜ್ಯದ ಲೆಕ್ಕ ನಿನಗೆ ಗೊತ್ತಿರಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಅಂದರೆ 2019–21ರಲ್ಲಿ, ಕರ್ನಾಟಕದ 18ರಿಂದ 49ರ ವಯಸ್ಸಿನ ವಿವಾಹಿತ ಹೆಣ್ಣುಮಕ್ಕಳಲ್ಲಿ ಶೇಕಡಾ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದರು. ಯಾವ ರಾಜ್ಯದ ಸಂಖ್ಯೆಯೂ ಅಷ್ಟು ಮೇಲಿರಲಿಲ್ಲ. ದೇಶದ ಸರಾಸರಿ ಸುಮಾರು 29. ಅದಕ್ಕೆ ಹಿಂದಿನ ಸುತ್ತಿನಲ್ಲಿ ನಮ್ಮದು 20.6 ಇತ್ತು. ಹೊಡೆತ ಹೆಚ್ಚಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ ಅಂತ ಕಾರ್ಯಾಗಾರಗಳಲ್ಲಿ ಊಟದ ಹೊತ್ತಿನ ತನಕ ವಾದ ಮಾಡುವವರಿದ್ದಾರೆ. ಮಾಡಲಿ. ನಿನ್ನ ಬಾಗಿಲಿಗೆ ಬಂದವಳಿಗೆ ಆ ವಾದದಿಂದ ಏನೂ ಆಗಬೇಕಿಲ್ಲ.

ಇಂಥ ಗಂಡಸಿಗೆ ನಾವು ಇಷ್ಟು ಕಾಲ ಮಾಡಿಕೊಂಡು ಬಂದದ್ದು ಒಂದೇ: ಬುದ್ಧಿ ಹೇಳುವುದು. ಊರಲ್ಲಾದರೆ ಹಿರಿಯರು ಅರಳಿಕಟ್ಟೆಯಲ್ಲಿ ಹೇಳುತ್ತಾರೆ, ಠಾಣೆಯಲ್ಲಾದರೆ ಪೊಲೀಸರು ಎರಡು ಗದರಿಸಿ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. "ಇನ್ನು ಮುಂದೆ ಹೆಂಡತಿ ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ" ಅಂತ ಸಹಿ. ಜೊತೆಗೆ ಅವಳಿಗೂ "ನೀನೂ ಸ್ವಲ್ಪ ಹೊಂದ್ಕೊಂಡು ಹೋಗಮ್ಮ" ಅಂತ ಒಂದು ಮಾತು. ಆ ಒಂದು ಮಾತಿನಿಂದ ತಪ್ಪು ಇಬ್ಬರಿಗೂ ಸಮನಾಗಿ ಹಂಚಿಹೋಯಿತು. ಅವನು ಹಗುರಾಗಿ ಎದ್ದು ಹೋಗುತ್ತಾನೆ. ಒಂದೇ ಕೈಬರಹದ ಮೂರು ಮುಚ್ಚಳಿಕೆ ಒಂದೇ ಮನೆಯ ಕಡತದಲ್ಲಿ ಇರುವುದನ್ನು ನೀನೂ ನೋಡುತ್ತೀಯ. ಬರೆಸಿಕೊಂಡವರಿಗೆ ಮಾತ್ರ ಅದು ಬೇರೆ ಬೇರೆ ದಿನದ ಯಶಸ್ಸು.

ವಿಚಿತ್ರ ಅಂದರೆ ಕಾನೂನು ನಮ್ಮ ಹಿರಿಯರಿಗಿಂತ ಜಾಣತನದಿಂದ ಯೋಚನೆ ಮಾಡಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ ನಿಯಮಾವಳಿಯ 14ನೇ ನಿಯಮವನ್ನು ಒಮ್ಮೆ ನಿಧಾನವಾಗಿ ಓದು. ಸಮಾಲೋಚನೆಯಲ್ಲಿ ಗಂಡಸು ತಾನು ಮಾಡಿದ ಹಿಂಸೆಗೆ ಸಮರ್ಥನೆ ಕೊಡುವ ಹಾಗಿಲ್ಲ, ಹಾಗಿಲ್ಲ ಅನ್ನುವುದನ್ನು ಮಾತು ಶುರುವಾಗುವ ಮೊದಲೇ ಅವನಿಗೆ ತಿಳಿಸಬೇಕು, ಮತ್ತೆ ಹೀಗೆ ಮಾಡುವುದಿಲ್ಲ ಅನ್ನುವ ಭರವಸೆ ಪಡೆಯುವುದೇ ಸಮಾಲೋಚನೆಯ ಗುರಿಯಾಗಿರಬೇಕು ಅಂತ ಅದರಲ್ಲಿದೆ. ಇದು ಮ್ಯಾಜಿಸ್ಟ್ರೇಟರು ಕಳಿಸಿಕೊಡುವ ಪ್ರಕರಣಗಳಿಗೆ ಬರೆದ ನಿಯಮ. ನೀನು ನಿನ್ನ ಕೋಣೆಗೆ ಕಾಲಿಡುವ ಪ್ರತಿಯೊಬ್ಬನಿಗೂ ಇದನ್ನೇ ಇಟ್ಟುಕೋ. "ಅವಳು ಏನು ಮಾಡಿದಳು ಅಂತ ಇಲ್ಲಿ ಮಾತಾಡುವುದಿಲ್ಲ. ನೀವು ಏನು ಮಾಡಿದಿರಿ ಅನ್ನುವುದು ಮಾತ್ರ" ಅಂತ ಮೊದಲೇ ಹೇಳಿಬಿಟ್ಟರೆ ಅರ್ಧ ಗಂಟೆಯ ಪುರಾಣ ಉಳಿಯುತ್ತದೆ.

ಆದರೆ ಅವನನ್ನು ಕರೆಯುವುದಕ್ಕೆ ಮೊದಲು ಅವಳ ಜೊತೆ ಕೂರಬೇಕು, ಒಬ್ಬಳ ಜೊತೆಯೇ. ಗಂಡ ಹೆಂಡಿರನ್ನು ಮೊದಲ ದಿನವೇ ಅಕ್ಕಪಕ್ಕ ಕೂರಿಸಿ "ಏನಾಯ್ತು ಹೇಳಿ" ಅನ್ನಬೇಡ. ನಿನ್ನ ಎದುರು ಅವಳು ಆಡಿದ ಮಾತಿಗೆ ರಾತ್ರಿ ಮನೆಯಲ್ಲಿ ಲೆಕ್ಕ ಚುಕ್ತಾ ಆಗುತ್ತದೆ. ಒಬ್ಬಳೇ ಇದ್ದಾಗ ಕೆಲವು ಪ್ರಶ್ನೆ ಕೇಳಲೇಬೇಕು, ಸಂಕೋಚ ಪಡಬಾರದು. ಕತ್ತು ಹಿಸುಕಿದ್ದಾನಾ? ಬಸುರಿಯಾಗಿದ್ದಾಗ ಹೊಡೆದಿದ್ದಾನಾ? ಮಚ್ಚು, ಕತ್ತಿ, ಸೀಮೆಎಣ್ಣೆ ತೋರಿಸಿ ಹೆದರಿಸಿದ್ದಾನಾ? "ನೀನು ಬಿಟ್ಟು ಹೋದರೆ ಮಕ್ಕಳನ್ನೂ ಕೊಂದು ನಾನೂ ಸಾಯ್ತೀನಿ" ಅಂದಿದ್ದಾನಾ? ಹೋದಲ್ಲೆಲ್ಲ ಹಿಂಬಾಲಿಸುತ್ತಾನಾ? ಕತ್ತು ಹಿಸುಕಿದ್ದನ್ನು ಹೆಂಗಸರು ತಾವಾಗಿ ಹೇಳುವುದು ಕಡಿಮೆ. ಗಾಯ ಕಾಣುವುದಿಲ್ಲವಲ್ಲ, ಅದಕ್ಕೆ. ಆದರೆ ಮುಂದೆ ಕೊಲೆಯಾಗುವ ಸಂಭವ ಹೇಳುವ ಗುರುತುಗಳಲ್ಲಿ ಅದು ದೊಡ್ಡದು. ಇವುಗಳಲ್ಲಿ ಒಂದಕ್ಕೆ ಹೂಂ ಅಂದರೂ ಅವನನ್ನು ತಿದ್ದುವ ಮಾತು ಆಮೇಲೆ. ಮೊದಲು ಸಂರಕ್ಷಣಾಧಿಕಾರಿ. ನಮ್ಮಲ್ಲಿ ಆ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಮೇಲಿದೆ. ಅವರ ಹತ್ತಿರ ಕೌಟುಂಬಿಕ ಘಟನಾ ವರದಿ ತುಂಬಿಸು. ತುರ್ತಿಗೆ 112, ಹೆಂಗಸರ ಸಹಾಯವಾಣಿ 181, ಮಕ್ಕಳಿಗೆ 1098, ಸಖಿ ಕೇಂದ್ರ ಎಲ್ಲವನ್ನೂ ಅವಳಿಗೆ ಬಾಯಿಪಾಠ ಮಾಡಿಸು. ಚೀಟಿಯಲ್ಲಿ ಬರೆದುಕೊಟ್ಟರೆ ಅವನ ಕೈಗೆ ಸಿಗುತ್ತದೆ. ಬಿಟ್ಟು ಹೊರಡುವ ದಿನ ಮತ್ತು ಅದಾದ ಮೇಲಿನ ವಾರಗಳೇ ಹೆಚ್ಚು ಅಪಾಯದ ಹೊತ್ತು. "ಹೊರಗೆ ಬಂದ್ಲು, ಇನ್ನು ಚಿಂತೆಯಿಲ್ಲ" ಅಂತ ನೀನು ಕಡತ ಮುಚ್ಚಿದ ವಾರವೇ ಅನಾಹುತವಾಗಬಹುದು.

ಇಷ್ಟಾದ ಮೇಲೆ ಅವನು ಬರುತ್ತಾನೆ. ಒಬ್ಬನೇ ಬರುವುದಿಲ್ಲ ನೋಡು. ವಾರ್ಡಿನ ಮೆಂಬರು, ಅಕ್ಕನ ಗಂಡ, ಸಂಘದ ಯಾವನೋ ಮುಖಂಡ. ಅವರಿಗೆಲ್ಲ ಎದುರಿನ ಅಂಗಡಿಯಲ್ಲಿ ಟೀ ಕುಡಿಯಲು ಹೇಳು. ಜೊತೆಗಾರರ ಮುಂದೆ ಯಾವ ಗಂಡಸೂ ನಿಜ ಆಡುವುದಿಲ್ಲ. ಆಡಿದರೆ ಮರ್ಯಾದೆ ಹೋಗುತ್ತದೆ ಅಂದುಕೊಂಡಿರುತ್ತಾನೆ. ನಿನ್ನ ಕುರ್ಚಿ ಬಾಗಿಲಿಗೆ ಹತ್ತಿರ ಇರಲಿ, ಪಕ್ಕದ ಕೋಣೆಯಲ್ಲಿ ಯಾರಾದರೂ ಇರಲಿ, ನಿನ್ನ ಸ್ವಂತ ನಂಬರು ಕೊಡಬೇಡ.

ಅವನಿಗೆ ಏನು ಹೇಳಬೇಕು ಅಂತ ತಾನೇ ನಿನ್ನ ಪ್ರಶ್ನೆ. ಮೊದಲಿಗೆ ಏನೂ ಹೇಳಬೇಡ, ಮಗುವಿನ ವಿಷಯ ಕೇಳು. ಮಗಳು ಎಷ್ಟನೇ ಕ್ಲಾಸು? ಟೀಚರ ಹೆಸರೇನು? ಪಕ್ಕದಲ್ಲಿ ಯಾರ ಜೊತೆ ಕೂರುತ್ತಾಳೆ? ಅವಳಿಗೆ ಏನು ಕಂಡರೆ ಹೆದರಿಕೆ? ಮೊದಲ ಪ್ರಶ್ನೆಗೆ ಉತ್ತರ ಬರುತ್ತದೆ, ಕೊನೆಯದಕ್ಕೆ ಬರುವುದಿಲ್ಲ. ತಡವರಿಸುತ್ತಾನೆ. ಹೆಂಡತಿಯ ವಿಷಯದಲ್ಲಿ ಕಲ್ಲಾಗಿ ಕೂತವನು ಮಗುವಿನ ವಿಷಯದಲ್ಲಿ ಮೊದಲ ಬಾರಿ ಅಲುಗಾಡುವುದು ಆಗ. "ಒಳ್ಳೆ ಗಂಡ ಆಗ್ತೀರಾ" ಅಂದರೆ ಮೈಮೇಲೆ ಬರುತ್ತಾನೆ. "ನಿಮ್ಮ ಮಗಳು ದೊಡ್ಡವಳಾದ ಮೇಲೆ ನಿಮ್ಮ ಬಗ್ಗೆ ಏನಂತ ಹೇಳ್ಬೇಕು ಅಂತ ನಿಮಗಾಸೆ" ಅಂದರೆ ನೆಲ ನೋಡುತ್ತಾನೆ. ಹೆಚ್ಚಿನ ಗಂಡಸರಿಗೆ ಒಳ್ಳೆಯ ಅಪ್ಪ ಅನ್ನಿಸಿಕೊಳ್ಳುವ ಆಸೆ ಇರುತ್ತದೆ. ನಾವು ಹಿಡಿಯಬಹುದಾದ ಎಳೆ ಅದೊಂದೇ.

ಇದು ನನ್ನ ತಲೆಯಿಂದ ಹುಟ್ಟಿದ ಉಪಾಯವಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಲಂಡನ್ ಅಂತ ಒಂದು ಊರಿದೆ. ಅಲ್ಲಿ 2001ರ ಹೊತ್ತಿಗೆ ಮನಶ್ಶಾಸ್ತ್ರಜ್ಞೆ ಕ್ಯಾಟ್ರೀನಾ ಸ್ಕಾಟ್ ಮತ್ತು ಅವರ ಜೊತೆಯವರು 'ಕೇರಿಂಗ್ ಡ್ಯಾಡ್ಸ್' ಅನ್ನುವ ಕ್ರಮ ಶುರು ಮಾಡಿದರು. ಹೆಂಡತಿ ಮಕ್ಕಳಿಗೆ ಹಿಂಸೆ ಕೊಟ್ಟ ಅಪ್ಪಂದಿರು ಗುಂಪಾಗಿ ವಾರಕ್ಕೊಂದು ಸಲ ಸೇರುವುದು, ಹದಿನೇಳು ವಾರ. ಮೊದಲು ನಿಮ್ಮಪ್ಪ ಹೇಗಿದ್ದರು, ನೀವು ಹೇಗಿರಬೇಕು ಅನ್ನುವ ಮಾತು. ಆಮೇಲೆ ಮಗುವಿಗೆ ಆಯಾ ವಯಸ್ಸಿನಲ್ಲಿ ಏನು ಬೇಕು ಅನ್ನುವುದು. ಇಷ್ಟರಲ್ಲಿ ನಂಬಿಕೆ ಕುದುರಿರುತ್ತದಲ್ಲ, ಆಗ ತಾನು ಮಾಡಿದ ಹಿಂಸೆಯನ್ನು ತನ್ನ ಬಾಯಿಂದಲೇ ಒಪ್ಪಿಕೊಳ್ಳುವ ಕಷ್ಟದ ಭಾಗ. ಅಮ್ಮನನ್ನು ಹೊಡೆಯುತ್ತಾ ಒಳ್ಳೆಯ ಅಪ್ಪನಾಗಿರಲು ಸಾಧ್ಯವೇ ಇಲ್ಲ ಅನ್ನುವುದು ಆ ಕ್ರಮದ ಬುಡ. ಬ್ರಿಟನ್, ಜರ್ಮನಿ, ಸ್ವೀಡನ್, ಆಸ್ಟ್ರೇಲಿಯಾಗಳಿಗೂ ಅದು ಹೋಯಿತು. ಅದರಲ್ಲಿ ನನಗೆ ತುಂಬ ಹಿಡಿಸಿದ್ದು ಬೇರೆಯೇ. ಗಂಡಸು ಗುಂಪಿಗೆ ಬರುತ್ತಿರುವಷ್ಟು ಕಾಲವೂ ಕಾರ್ಯಕರ್ತರು ಮಕ್ಕಳ ತಾಯಿಯ ಜೊತೆ ಸಂಪರ್ಕ ಇಟ್ಟುಕೊಂಡಿರುತ್ತಾರೆ. ಅವನು ಗುಂಪಿನಲ್ಲಿ ಚೆಂದ ಮಾತಾಡಿದ ಅಂತ ಯಾರೂ ಮೋಸ ಹೋಗಬಾರದಲ್ಲ.

ಮಗುವಿನ ಎಳೆ ಹಿಡಿದೆ ಅಂತ ಮಗುವನ್ನು ಆಮಿಷ ಮಾಡಬೇಡ. "ಸುಧಾರಿಸಿದರೆ ಮಗುನ ತೋರಿಸ್ತೀವಿ" ಅನ್ನುವುದು ವ್ಯಾಪಾರ. ಮಗುವನ್ನು ನೋಡುವುದು ಅವನಿಗೆ ಸಿಗುವ ಬಹುಮಾನವೂ ಅಲ್ಲ. ಭೇಟಿಯಿಂದ ಮಗುವಿಗೆ ಹಾನಿ ಅನ್ನಿಸಿದರೆ ಭೇಟಿಗೇ ಅವಕಾಶ ಕೊಡದಿರಲು ಕಾಯ್ದೆಯ 21ನೇ ಕಲಂ ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಟ್ಟಿದೆ.

"ಮಕ್ಕಳಿಗೆ ನಾನು ಒಂದು ಏಟೂ ಹಾಕಿಲ್ಲ ಮೇಡಂ." ಇದನ್ನು ನೀನು ಕೇಳಿಯೇ ಕೇಳುತ್ತೀಯ. ಕೆಲವು ಸಲ ನಿಜವೂ ಹೌದು. ಆಗ ಅವನಿಗೆ ರಾತ್ರಿಯನ್ನು ಮಗುವಿನ ಕಡೆಯಿಂದ ಹೇಳಿಸು. ಬೈಕಿಗೆ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಅಪ್ಪ ಇವತ್ತು ಹೇಗಿದ್ದಾನೆ ಅಂತ ಮಕ್ಕಳು ಅಳೆಯುತ್ತವೆ. ಟಿವಿ ಆರಿಸುತ್ತವೆ, ಪುಸ್ತಕ ಮುಂದಿಟ್ಟುಕೊಳ್ಳುತ್ತವೆ, ಚಿಕ್ಕದನ್ನು ದೊಡ್ಡದು ಹಿತ್ತಲಿಗೆ ಕರೆದುಕೊಂಡು ಹೋಗುತ್ತದೆ. ಏಳು ವರ್ಷದ ಮಗು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತದೆ, ಚೆನ್ನಾಗಿ ಓದುವ ಹುಡುಗ ಇದ್ದಕ್ಕಿದ್ದಂತೆ ತೊದಲುತ್ತಾನೆ. ಅಂಗನವಾಡಿ ಟೀಚರಿಗೆ ಇವೆಲ್ಲ ನಮಗಿಂತ ಮೊದಲೇ ಗೊತ್ತಾಗಿರುತ್ತದೆ, ಅವರನ್ನು ಕೇಳು. 1998ರಲ್ಲಿ ಅಮೆರಿಕದ ವೈದ್ಯರಾದ ಫೆಲಿಟ್ಟಿ ಮತ್ತು ಆಂಡಾ ಸಾವಿರಾರು ಜನರ ಬಾಲ್ಯವನ್ನು ವಿಚಾರಿಸಿ ಒಂದು ಅಧ್ಯಯನ ಪ್ರಕಟಿಸಿದರು. ಬಾಲ್ಯದ ಕಹಿ ಅನುಭವಗಳ ಅವರ ಪಟ್ಟಿಯಲ್ಲಿ ಮಗುವಿಗೆ ಬಿದ್ದ ಏಟು ಒಂದಾದರೆ, ಅಮ್ಮನಿಗೆ ಬಿದ್ದ ಏಟು ಪ್ರತ್ಯೇಕವಾಗಿ ಇನ್ನೊಂದು. ಅಂಥ ಅನುಭವ ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಕುಡಿತ, ಖಿನ್ನತೆ, ಆತ್ಮಹತ್ಯೆಯ ಯತ್ನ, ಹೃದಯದ ಕಾಯಿಲೆ ಹೆಚ್ಚಿದ್ದು ಅವರಿಗೆ ಕಂಡಿತು. ನಿನ್ನ ಎದುರಿರುವ ಅಪ್ಪನಿಗೆ ಅಧ್ಯಯನದ ಹೆಸರು ಹೇಳಬೇಕಾಗಿಲ್ಲ. ಬೈಕಿನ ಸದ್ದಿನ ಮಾತು ಸಾಕು, ಅರ್ಥವಾಗುತ್ತದೆ.

ಯಾಕೆ ಅರ್ಥವಾಗುತ್ತದೆ ಅಂದರೆ ಅವರಲ್ಲಿ ಎಷ್ಟೋ ಜನ ಅಂಥದೇ ಹಿತ್ತಲಿನಲ್ಲಿ ನಿಂತಿದ್ದವರು. "ನಮ್ಮಪ್ಪ ಹೊಡೀಲಿಲ್ವಾ, ನಾನೇನು ಹಾಳಾಗಿ ಹೋದ್ನಾ" ಅಂತ ಜೋರು ಮಾಡುವವನನ್ನು ಜಗಳಕ್ಕೆ ಎಳೆಯದೆ, ಅಪ್ಪ ಹೊಡೆಯುವಾಗ ನೀವು ಎಲ್ಲಿ ಅಡಗಿಕೊಳ್ಳುತ್ತಿದ್ದಿರಿ ಅಂತ ಮೆತ್ತಗೆ ಕೇಳು. ರಾಗಿ ಚೀಲದ ಹಿಂದೆ, ಕೊಟ್ಟಿಗೆಯ ಅಟ್ಟದ ಮೇಲೆ, ಪಕ್ಕದ ಮನೆ ಅಜ್ಜಿಯ ಮಂಚದ ಕೆಳಗೆ. ನಲವತ್ತು ವರ್ಷದ ಗಂಡಸು ಜಾಗವನ್ನು ಕರಾರುವಾಕ್ಕಾಗಿ ಹೇಳುತ್ತಾನೆ. ಆಗ ಸುಮ್ಮನಿರು. ಸ್ವಲ್ಪ ಹೊತ್ತು ಬಿಟ್ಟು, ನಿಮ್ಮ ಮಗ ಎಲ್ಲಿ ಅಡಗುತ್ತಾನೆ ಅಂತ ಕೇಳು.

ಅಳುತ್ತಾನೆ. ಇಲ್ಲಿಯೇ ನಿನ್ನ ವಯಸ್ಸಿನವರು ಜಾರುವುದು. ಅತ್ತ ಗಂಡಸನ್ನು ಕಂಡರೆ ನಮಗೆಲ್ಲ ಕರುಳು ಚುರುಕ್ ಅನ್ನುತ್ತದೆ, ಅವನು ಬದಲಾಗಿಯೇಬಿಟ್ಟ ಅನ್ನಿಸುತ್ತದೆ. ಅತ್ತದ್ದು ತನ್ನ ಬಾಲ್ಯಕ್ಕೆ, ಹೆಂಡತಿಯ ಮುರಿದ ಕೈಗಲ್ಲ. ಅವನ ನೋವು ನಿಜ, ಆದರೆ ಅದು ಅವನಿಗೆ ರಿಯಾಯಿತಿ ಚೀಟಿಯಲ್ಲ. ಹೊಡೆತ ನೋಡಿ ಬೆಳೆದೂ ಕೈ ಎತ್ತದ ಗಂಡಸರು ಅವನ ಬೀದಿಯಲ್ಲೇ ಬೇಕಾದಷ್ಟಿದ್ದಾರೆ. ಅವನ ಸ್ವಂತ ತಮ್ಮನೇ ಇರಬಹುದು. ನೀರು ಕೊಡು, ಮುಖ ತೊಳೆದುಕೊಂಡು ಬರಲಿ, ಆಮೇಲೆ ಕಳೆದ ಶನಿವಾರದ ಹೊಡೆತದ ಮಾತಿಗೆ ವಾಪಸ್ಸು ಬಾ.

"ಸಿಟ್ಟು ಹಾಲುಕ್ಕಿದ ಹಾಗೆ ಉಕ್ಕಿಬಿಡುತ್ತೆ ಮೇಡಂ, ಕಂಟ್ರೋಲೇ ಇರಲ್ಲ." ಕಂಟ್ರೋಲ್ ಇರುತ್ತದೆ. ಹೊಡೆಯುವ ಮೊದಲು ಬಾಗಿಲು ಹಾಕಿಕೊಂಡವನು ಅವನೇ. ರವಿಕೆ ಮುಚ್ಚುವ ಜಾಗ ನೋಡಿ ಹೊಡೆದವನೂ ಅವನೇ. ಒಡೆದದ್ದು ಅವಳ ಫೋನು, ತನ್ನದಲ್ಲ. ಮಾಲೀಕ ಹತ್ತು ಜನರ ಮುಂದೆ ಬೈದ ದಿನ ಅದೇ ಸಿಟ್ಟು ಜೇಬಿನಲ್ಲಿ ಮಡಚಿಟ್ಟುಕೊಂಡು ಮನೆಗೆ ಬಂದಿರುತ್ತಾನೆ. ಇದನ್ನೆಲ್ಲ ನೀನು ಭಾಷಣವಾಗಿ ಹೇಳಿದರೆ ಕೆಲಸ ಮಾಡುವುದಿಲ್ಲ. ಒಂದೊಂದಾಗಿ ಪ್ರಶ್ನೆ ಮಾಡು, ಉತ್ತರ ಅವನ ಬಾಯಿಂದ ಬರಲಿ. ಬಾಗಿಲು ಯಾವಾಗ ಹಾಕಿದಿರಿ? ಅದಕ್ಕೆ ಮೊದಲು ಏನು ಯೋಚನೆ ಬಂತು? ಮಕ್ಕಳು ಆಗ ಎಲ್ಲಿದ್ದರು? ಅಮೆರಿಕದ ಮಿನ್ನೆಸೋಟಾ ರಾಜ್ಯದ ಡುಲೂತ್ ಊರಿನಲ್ಲಿ ಎಲೆನ್ ಪೆನ್ಸ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಏಟು ತಿಂದ ಹೆಂಗಸರನ್ನೇ ಕೂರಿಸಿಕೊಂಡು ಅವರ ಅನುಭವದಿಂದ ಒಂದು ಚಕ್ರದ ಚಿತ್ರ ಬರೆದರು. ಅದರ ನಡುಮಧ್ಯೆ ಇರುವುದು ಅಧಿಕಾರ ಮತ್ತು ಹಿಡಿತ, ಸಿಟ್ಟಲ್ಲ. ಸಿಟ್ಟು ಇಳಿಸುವ ಪ್ರಾಣಾಯಾಮ ಕಲಿಸಿ ಕಳಿಸಿದರೆ ಶಾಂತವಾಗಿ ಹೆದರಿಸುವುದನ್ನು ಕಲಿಯುತ್ತಾನೆ, ಅಷ್ಟೇ.

ಆ ಹಿಡಿತ ಯಾವ ಯಾವ ವೇಷದಲ್ಲಿ ಬರುತ್ತದೆ ಅನ್ನುವುದನ್ನು ನಮ್ಮ ಊರಿನ ಕಣ್ಣಿನಿಂದಲೇ ನೋಡಬೇಕು. ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಬಿದ್ದ ದಿನ ಎಟಿಎಂ ಕಾರ್ಡು ಕಿತ್ತುಕೊಳ್ಳುವುದು. ಗಾರ್ಮೆಂಟ್ಸಿಗೆ ಹೋಗುವವಳ ಟಿಫನ್ ಡಬ್ಬಿಯ ಬ್ಯಾಗು ತಪಾಸಣೆ. "ಅಮ್ಮ ಯಾರ ಹತ್ರ ಫೋನಲ್ಲಿ ಮಾತಾಡಿದ್ಲು ಹೇಳು, ಚಾಕಲೇಟ್ ಕೊಡಿಸ್ತೀನಿ" ಅಂತ ಮಗುವನ್ನು ಪತ್ತೇದಾರ ಮಾಡುವುದು. ನನ್ನ ಕಣ್ಣಿಗೆ ಈ ಕೊನೆಯದು ಏಟಿಗಿಂತ ಕಡಿಮೆಯದಲ್ಲ; ಬೇರೆಯಾದ ಮೇಲೂ ನಡೆಯುವ ಹಿಂಸೆ ಇದೇ. ದುಡ್ಡು ಕಿತ್ತುಕೊಳ್ಳುವುದು, ಮಾತಿನಿಂದ ಕುಗ್ಗಿಸುವುದು ಎರಡೂ ಕಾಯ್ದೆಯ 3ನೇ ಕಲಮಿನಲ್ಲಿ ಹಿಂಸೆಯೆಂದೇ ಇವೆ. "ಈಗ ಕೈ ಎತ್ತಲ್ಲ ಮೇಡಂ" ಅನ್ನುವವನನ್ನು ಇವುಗಳ ಬಗ್ಗೆ ಕೇಳದೆ ಬಿಡಬೇಡ.

ಕುಡಿತದ ವಿಷಯ ನೀನು ಕೇಳೇ ಕೇಳುತ್ತೀಯ, ಅದನ್ನೂ ಹೇಳಿಬಿಡುತ್ತೇನೆ. ಕುಡಿತ ಹೊಡೆತವನ್ನು ಹೆಚ್ಚು ಮಾಡುತ್ತದೆ, ಗಾಯವನ್ನು ದೊಡ್ಡದು ಮಾಡುತ್ತದೆ. ಅದಕ್ಕೆ ಚಿಕಿತ್ಸೆ ಬೇಕೇಬೇಕು. ದಿನವೂ ಹೆಚ್ಚು ಕುಡಿಯುವವನಿಗೆ "ನಾಳೆಯಿಂದ ಒಂದು ಹನಿ ಮುಟ್ಟಬೇಡ" ಅಂತ ಆಣೆ ಹಾಕಿಸಬೇಡ. ದಿಢೀರನೆ ನಿಲ್ಲಿಸಿದರೆ ನಡುಕ, ಫಿಟ್ಸು, ಇಲ್ಲದ್ದೆಲ್ಲ ಕಾಣುವುದು ಶುರುವಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸು. ಟೆಲಿ ಮನಸ್‌ನ 14416 ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮದ್ಯವರ್ಜನ ಶಿಬಿರಕ್ಕೆ ಹೋಗುವುದಾದರೂ ಒಳ್ಳೆಯದೇ. ಆದರೆ ಕುಡಿತ ಬಿಟ್ಟ ದಿನ ಹೊಡೆತವೂ ಬಿಡುತ್ತದೆ ಅಂತ ಅವಳಿಗೆ ಆಸೆ ಹುಟ್ಟಿಸಬೇಡ. ಶಿಬಿರದಿಂದ ಹಾರ ಹಾಕಿಸಿಕೊಂಡು ಬಂದು, "ನಿನಗೋಸ್ಕರ ಬಿಟ್ಟಿದ್ದೀನಿ, ಇನ್ನೇನು ಬೇಕು" ಅಂತ ಬರೀ ಬಾಯಲ್ಲಿ ಮನೆ ಆಳುವವರಿದ್ದಾರೆ. ಕುಡಿಯದೆ ಹೊಡೆಯುವವರಂತೂ ಇದ್ದೇ ಇದ್ದಾರೆ, ಪೂಜೆ ಮಾಡಿ ಹೊಡೆಯುವವರೂ.

ಮಾತು ಒಂದು ಹಂತಕ್ಕೆ ಬಂದ ಮೇಲೆ ಅವನ ಕೈಗೆ ಕೆಲಸ ಕೊಡಬೇಕು. ದೊಡ್ಡ ಪ್ರತಿಜ್ಞೆ ಬೇಡ. ಈ ವಾರ ಮಗನ ಜೊತೆ ಅರ್ಧ ಗಂಟೆ ಕೂರುವುದು, ಫೋನು ಒಳಗಿಟ್ಟು, ಆಟ ಯಾವುದು ಅಂತ ಅವನೇ ಹೇಳಲಿ. ಹೋಂವರ್ಕಿನಲ್ಲಿ ತಪ್ಪು ಕಂಡಾಗ ಎದ್ದು ನೀರು ಕುಡಿದು ಬರುವುದು. ತಲೆ ಬಿಸಿಯಾದರೆ ಹೊರಗೆ ನಡೆದುಬರಬಹುದು, ಆದರೆ "ಹೋಗಿ ಬರ್ತೀನಿ ತಾಳು" ಅಂತ ಬೆದರಿಸಿ ಹೋಗುವ ಹಾಗಿಲ್ಲ. ಹೊರಗೆ ಅಂದರೆ ಬಾರಿಗೂ ಅಲ್ಲ. ಮಗುವಿನ ಎದುರು ಅದರ ಅಮ್ಮನನ್ನು ಹೀಯಾಳಿಸುವ ಮಾತು ಒಂದೂ ಆಡದೆ ಒಂದು ವಾರ ಕಳೆಯುವುದು. ಏಟಿನ ಹೊರತಾಗಿ ಮಕ್ಕಳನ್ನು ತಿದ್ದುವುದು ಹೇಗೆ ಅಂತ ಬಹಳ ಜನಕ್ಕೆ ನಿಜವಾಗಿಯೂ ಗೊತ್ತಿಲ್ಲ, ಯಾರೂ ತೋರಿಸಿಕೊಟ್ಟಿಲ್ಲ. ಅದನ್ನು ಕಲಿಸುವಾಗ ನಗಬೇಡ.

ಕ್ಷಮೆ ಕೇಳುವ ವಿಷಯದಲ್ಲಿ ಎಚ್ಚರ. "ಅಪ್ಪನನ್ನ ಕ್ಷಮಿಸ್ತೀಯ ತಾನೇ ಪುಟ್ಟಾ" ಅಂತ ಮಗುವನ್ನು ತಬ್ಬಿಕೊಂಡು ಅತ್ತರೆ, ಅಪ್ಪನನ್ನು ಸಮಾಧಾನ ಮಾಡುವ ಭಾರವೂ ಮಗುವಿನ ತಲೆಗೇ ಬಂತು. "ನಾನು ಅಮ್ಮನಿಗೆ ಹೊಡೆದದ್ದು ತಪ್ಪು. ನಿನ್ನದೂ ತಪ್ಪಲ್ಲ, ಅಮ್ಮನದೂ ಅಲ್ಲ" ಅಂತ ಹೇಳಿ ಸುಮ್ಮನಾಗಲಿ. ಮಗು ಉತ್ತರ ಕೊಡದೆ ಆಡಲು ಓಡಿಹೋದರೆ ಓಡಿಹೋಗಲಿ. ಹೆಂಡತಿಗೂ ಅಷ್ಟೇ. ಅವಳು ಕ್ಷಮಿಸಬೇಕು, ಮನೆಗೆ ಬರಬೇಕು ಅನ್ನುವುದು ಅವನು ಬದಲಾಗುವುದಕ್ಕೆ ಷರತ್ತಾಗಕೂಡದು. ಅವಳು ಬರುವುದೇ ಇಲ್ಲ ಅಂದರೂ ಅವನು ಬದಲಾಗಬೇಕು. ಈ ಮಾತನ್ನು ಅವನಿಗೆ ಹೇಳುವುದು ಬಹಳ ಕಷ್ಟ. ಇದನ್ನು ಕೇಳಿದ ಮೇಲೆ ಬರುವುದನ್ನೇ ನಿಲ್ಲಿಸುವವರಿರುತ್ತಾರೆ. ನಿಲ್ಲಿಸಿದರೆ, ಅವನಿಗೆ ಬೇಕಿದ್ದದ್ದು ಹೆಂಡತಿಯನ್ನು ವಾಪಸ್ಸು ಕರೆತರುವ ಬ್ರೋಕರ್ ಅಂತ ನಿನಗೆ ತಿಳಿಯಿತಲ್ಲ, ಅದೂ ಒಂದು ಮಾಹಿತಿಯೇ. ಕಡತದಲ್ಲಿ ಬರೆದಿಡು.

ಬದಲಾದನೋ ಇಲ್ಲವೋ ಅಂತ ಅವನನ್ನು ಕೇಳಿ ತಿಳಿಯುವಂಥದ್ದಲ್ಲ. ಅವಳನ್ನು ಕೇಳು, ಅದೂ ಅವನಿಲ್ಲದಾಗ. ಹೊಡೆದನಾ ಅನ್ನುವುದಕ್ಕಿಂತ ಬೇರೆ ಪ್ರಶ್ನೆ ಕೇಳು. ಸಾರಿಗೆ ಉಪ್ಪು ಹೆಚ್ಚಾದ ದಿನ ಏನಾಯಿತು? ತಂಗಿಯ ಮನೆಗೆ ಹೋಗಿ ತಡವಾಗಿ ಬಂದಾಗ? ಅವನು ಹೇಳಿದ್ದಕ್ಕೆ ಬೇಡ ಅಂದಿದ್ದೀಯಾ ಇತ್ತೀಚೆಗೆ, ಅಂದಾಗ ನಿನ್ನ ಎದೆ ಹೊಡೆದುಕೊಂಡಿತಾ? ಬೈಕಿನ ಸದ್ದಿಗೆ ಮಕ್ಕಳು ಈಗ ಏನು ಮಾಡುತ್ತಾರೆ? ಏಟು ನಿಂತು ವರ್ಷವಾಗಿಯೂ ಹೆದರಿಕೆ ಹಾಗೇ ಇರುವ ಮನೆಗಳಿವೆ. ಅಲ್ಲಿ ಏಟಿನ ಅಗತ್ಯ ಬೀಳುತ್ತಿಲ್ಲ, ಅಷ್ಟೇ.

ಒಬ್ಬೊಬ್ಬರನ್ನೇ ಕೂರಿಸಿ ಮಾಡುವ ಈ ಕೆಲಸಕ್ಕೆ ಮಿತಿ ಇದೆ. ಗಂಡಸರನ್ನು ಗುಂಪಾಗಿ ಸೇರಿಸಲು ನೋಡು, ಒಬ್ಬ ಗಂಡು ಒಬ್ಬ ಹೆಣ್ಣು ಸೇರಿ ನಡೆಸುವ ಹಾಗೆ. ಒಬ್ಬನ ನೆಪವನ್ನು ಇನ್ನೊಬ್ಬ ಗಂಡಸು ಹಿಡಿಯುವಷ್ಟು ಚೆನ್ನಾಗಿ ನಾನು ನೀನು ಹಿಡಿಯಲಾರೆವು, ಯಾಕೆಂದರೆ ಅದೇ ನೆಪ ಅವನೂ ಹೇಳಿರುತ್ತಾನೆ. ಮುಂಬಯಿಯಲ್ಲಿ ಹರೀಶ್ ಸದಾನಿಯವರು ಕೆಲವು ಗಂಡಸರ ಜೊತೆ ಸೇರಿ 1993ರಲ್ಲಿ ಕಟ್ಟಿದ 'ಮಾವಾ' ಸಂಸ್ಥೆ ಹುಡುಗರ ಜೊತೆ ಇಂಥ ಮಾತುಕತೆಯನ್ನು ಇಷ್ಟು ವರ್ಷವೂ ನಡೆಸಿಕೊಂಡು ಬಂದಿದೆ.

ಇನ್ನೂ ಮೊದಲೇ ಹಿಡಿದರೆ ಇನ್ನೂ ಒಳ್ಳೆಯದು. ಆಫ್ರಿಕಾದ ರುವಾಂಡಾದಲ್ಲಿ 'ಬಂದೆಬೆರೆಹೊ' ಅಂತ ಒಂದು ಪ್ರಯತ್ನ ನಡೆಯಿತು. ಹೆಂಡತಿ ಬಸುರಿಯಾಗಿರುವ ಅಥವಾ ಐದು ವರ್ಷದೊಳಗಿನ ಮಕ್ಕಳಿರುವ ಗಂಡಸರಿಗೆ ಹದಿನೈದು ಭೇಟಿ. ಅದರಲ್ಲಿ ಎಂಟಕ್ಕೆ ಹೆಂಡತಿಯೂ ಬರಬೇಕು. ಕೋರ್ಟು ಕಳಿಸಿದ ಗಂಡಸರಲ್ಲ, ಸಾಧಾರಣ ಊರಿನವರು. ಬಾಣಂತನ, ಮಗು ಸಾಕುವುದು, ಮನೆಯ ದುಡ್ಡಿನ ತೀರ್ಮಾನ, ಜಗಳವನ್ನು ಮಾತಲ್ಲಿ ಮುಗಿಸುವುದು, ಇವೇ ವಿಷಯ. 1,199 ಜೋಡಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, 21 ತಿಂಗಳ ಮೇಲೆ ಹೆಂಗಸರನ್ನೇ ಕೇಳಿದರು. ಭೇಟಿಗೆ ಹೋಗದ ಗುಂಪಿನಲ್ಲಿ ಶೇಕಡಾ 57 ಮಂದಿ ಗಂಡನಿಂದ ಏಟು ತಿಂದಿದ್ದೆವು ಅಂದರೆ, ಹೋದ ಗುಂಪಿನಲ್ಲಿ 33. ಮೂವತ್ತಮೂರು ಅಂದರೂ ಮೂವರಲ್ಲಿ ಒಬ್ಬಳು, ನೆನಪಿರಲಿ. ಪಡುವಣ ದೇಶಗಳಲ್ಲಿ ಹೊಡೆದ ಮೇಲೆ ಕೋರ್ಟು ಕಳಿಸುವ ಗುಂಪುಗಳ ಫಲವನ್ನು ಅಳೆದವರು ಕಂಡದ್ದು ಇದಕ್ಕಿಂತ ಸಣ್ಣ ಬದಲಾವಣೆ. ನಡುವೆ ಬಿಟ್ಟು ಹೋಗುವವರೂ ಬಹಳ. ರುವಾಂಡಾದ ಊರುಗಳಲ್ಲಿ ಆಗುವಂಥದ್ದು ನಮ್ಮ ಅಂಗನವಾಡಿಯ ಜಗಲಿಯಲ್ಲಿ ಯಾಕಾಗಬಾರದು ಅಂತ ನಾನು ಮೀಟಿಂಗುಗಳಲ್ಲಿ ಕೇಳುತ್ತಾ ಬಂದೆ. ಬಸುರಿಯರನ್ನು ಅಲ್ಲಿ ಹೇಗೂ ಬರೆದುಕೊಳ್ಳುತ್ತಾರೆ, ತಾಯಿ ಕಾರ್ಡೂ ಇದೆ. ಗಂಡ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ನೀನು ಕೇಳಿ ನೋಡು, ನಿನ್ನ ದನಿ ನನ್ನದಕ್ಕಿಂತ ದೊಡ್ಡದು.

ನಿನ್ನ ಬಗ್ಗೆ ಒಂದು ಮಾತು. ಇಡೀ ದಿನ ಇಂಥವರ ಎದುರು ಕೂತು ರಾತ್ರಿ ಮನೆಗೆ ಹೋದಾಗ ನಿಮ್ಮಪ್ಪ ಸುಮ್ಮನೆ ದನಿ ಎತ್ತಿ ಸುದ್ದಿ ಓದಿದರೂ ಮೈ ಜುಂ ಅನ್ನಬಹುದು. ಅದನ್ನು ಯಾರಿಗೂ ಹೇಳದೆ ನುಂಗಬೇಡ. ಮೇಲ್ವಿಚಾರಕಿಗೆ ಹೇಳು, ನನಗೆ ಫೋನ್ ಮಾಡು. ಎಲ್ಲ ಗಂಡಸರೂ ಹೀಗೇ ಅನ್ನಿಸತೊಡಗಿದ ದಿನ ರಜೆ ಹಾಕು. ಹಾಗೆಯೇ, ನೀನು ಮಾತಾಡಿಸಿದ ಗಂಡಸು ಆರು ತಿಂಗಳಾದ ಮೇಲೆ ಮತ್ತೆ ಹೊಡೆದರೆ ಅದನ್ನು ನಿನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಡ. ಹೊಡೆದದ್ದು ಅವನು. ರಕ್ಷಣಾ ಆದೇಶ ಇದ್ದು ಅದನ್ನು ಮುರಿದಿದ್ದರೆ 31ನೇ ಕಲಂ ಇದೆ, ಒಂದು ವರ್ಷದ ತನಕ ಸೆರೆ ಅಥವಾ ಇಪ್ಪತ್ತು ಸಾವಿರದ ತನಕ ದಂಡ, ಅಥವಾ ಎರಡೂ. ದೂರು ಬರೆಯಲು ಅವಳಿಗೆ ಸಹಾಯ ಮಾಡು. ಅವನ ಜೊತೆ ಅಷ್ಟು ದಿನ ಮಾತಾಡಿದ್ದೀಯ ಅನ್ನುವ ದಾಕ್ಷಿಣ್ಯಕ್ಕೆ ಕೈ ತಡೆಯಬಾರದು.

ಮೊನ್ನೆ ನೀನು ಹೇಳಿದ ಆ ಲಾರಿ ಡ್ರೈವರ್ ಇದ್ದಾನಲ್ಲ, ಅವನು ಮತ್ತೆ ಬರುವುದಕ್ಕೆ ಮೊದಲು ಅವನ ಹೆಂಡತಿಗೆ ಒಂದು ಫೋನ್ ಮಾಡು. ಅವನು ಲೋಡಿಗೆ ಹೋಗಿರುವ ಹೊತ್ತು ನೋಡಿ ಮಾಡು. ಫೋನನ್ನು ಮಗು ಎತ್ತಿದರೆ ಅಂಗನವಾಡಿಯಿಂದ ಮಾತಾಡುತ್ತಿದ್ದೀನಿ ಅನ್ನು.

ನಿನ್ನ ದೊಡ್ಡಮ್ಮ